ಕ್ರೋಮ್ ತೊಳೆದ ನೀರಿಗೆ ಎಲೆಕ್ಟ್ರೋಕೊಯಾಗ್ಯುಲೇಷನ್ ಘಟಕ: ಕಾರವಾರದಲ್ಲಿ ಬಳಸಿ ನೋಡಿದ್ದು

ಕಾರವಾರದ ಹತ್ತಿರ ನಮ್ಮದೊಂದು ಸಣ್ಣ ಪ್ಲೇಟಿಂಗ್ ಶೆಡ್. ಮೀನುಗಾರಿಕೆ ದೋಣಿಗಳ ಬೋಲ್ಟು, ಕೊಂಡಿಗಳಿಗೆ ಸತುವಿನ ಲೇಪ, ಕೆಲವು ಭಾಗಗಳಿಗೆ ಕ್ರೋಮ್ ಹಾಕುತ್ತೇವೆ. ತೊಳೆದ ನೀರಿನ ಶುದ್ಧೀಕರಣಕ್ಕೆ ಈ ಎಲೆಕ್ಟ್ರೋಕೊಯಾಗ್ಯುಲೇಷನ್ ಘಟಕ, ಅಂದರೆ ವಿದ್ಯುತ್ ಹರಿಸಿ ನೀರಿನಲ್ಲಿರುವ ಲೋಹವನ್ನು ಗರಣೆಗಟ್ಟಿಸಿ ಬೇರ್ಪಡಿಸುವ ಯಂತ್ರ, ಕೂರಿಸಿ ಹಲವು ಮಳೆಗಾಲ ಕಳೆದಿವೆ. ಯಂತ್ರ ಒಳ್ಳೆಯದು, ಸಂಶಯವಿಲ್ಲ. ಆದರೆ ಕರಾವಳಿಯಲ್ಲಿ ಅದು ವರ್ಷವಿಡೀ ಒಂದೇ ರೀತಿ ನಡೆಯುವುದಿಲ್ಲ.

ಹಿಂದೆ ಗಂಧಕಾಮ್ಲದಿಂದ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿಸಿ, ಕ್ರೋಮಿಯಂನ ವಿಷ ತಗ್ಗಿಸುವ ಮೆಟಾಬೈಸಲ್ಫೈಟ್ ಪುಡಿ ಸುರಿದು, ಆಮೇಲೆ ಸುಣ್ಣ ಹಾಕುತ್ತಿದ್ದೆವು. ಆ ಘಾಟಿಗೆ ಹುಡುಗರ ಗಂಟಲು ಉರಿಯುತ್ತಿತ್ತು. ಈಗ ಕಬ್ಬಿಣದ ತಗಡುಗಳ ನಡುವೆ ಡಿ.ಸಿ. ವಿದ್ಯುತ್ ಹರಿಯುತ್ತದೆ. ತಗಡು ಕರಗಿ ಬರುವ ಫೆರಸ್ ಅಯಾನುಗಳು (ಕಬ್ಬಿಣದ ವಿದ್ಯುತ್ ಕಣಗಳು) ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ಅಷ್ಟು ವಿಷವಿಲ್ಲದ ಟ್ರೈವೇಲೆಂಟ್ ರೂಪಕ್ಕೆ ಇಳಿಸುತ್ತವೆ. ಹಳದಿ ನೀರು ಕಣ್ಣೆದುರೇ ಕೊಳಕು ಹಸಿರಾಗುತ್ತದೆ. ಜಲಜನಕದ ಗುಳ್ಳೆಗಳು ಎತ್ತಿ ತಂದ ನೊರೆ ಗಾಳಿ ತಾಗಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಜಲಜನಕ ಹೊತ್ತಿಕೊಳ್ಳುವ ಅನಿಲ, ಆದ್ದರಿಂದ ಘಟಕದ ಬಳಿ ಕಿಟಕಿಗಳು ಸದಾ ತೆರೆದಿರಲಿ.

ಬೇಸಿಗೆಯಲ್ಲಿ ನಮ್ಮ ಬಾವಿ ನೀರು ಸವಳಾಗುತ್ತದೆ. ಕುಡಿಯಲು ಬಾರದ ಆ ನೀರು ಯಂತ್ರಕ್ಕೆ ಅನುಕೂಲ: ಕಡಿಮೆ ವೋಲ್ಟೇಜಿನಲ್ಲೇ ಬೇಕಾದಷ್ಟು ಕರೆಂಟ್ ಹರಿಯುತ್ತದೆ, ಕ್ಲೋರೈಡ್ ಇರುವುದರಿಂದ ತಗಡಿನ ಮೇಲೆ ಆಕ್ಸೈಡ್ ಪದರ ಬೇಗ ಕಟ್ಟುವುದಿಲ್ಲ. ಆಷಾಢದಲ್ಲಿ ಎಲ್ಲವೂ ತಿರುಗುಮುರುಗು. ಬಾವಿ ಸಿಹಿಯಾಗಿ, ವೋಲ್ಟೇಜ್ ಏರಿ, ಕರೆಂಟ್ ಬಿಲ್ಲೂ ಏರುತ್ತದೆ. ತಗಡಿಗೆ ಕಪ್ಪು ಪದರ ಕೂರುತ್ತದೆ. ಆಗ ಸ್ವಲ್ಪ ಉಪ್ಪು ಹಾಕುತ್ತೇವೆ, ಧ್ರುವಗಳನ್ನು ಆಗಾಗ ಅದಲುಬದಲು ಮಾಡುತ್ತೇವೆ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಗಡು ತೊಳೆಯುತ್ತೇವೆ. ಕೊಳ್ಳುವ ಮುನ್ನ ಎರಡೂ ಕಾಲದ ನೀರಿನ ಮಾದರಿ ಕೊಟ್ಟು ಪರೀಕ್ಷೆ ಮಾಡಿಸಿ. ಉಪ್ಪುಗಾಳಿಗೆ, ಎ.ಸಿ. ಕರೆಂಟನ್ನು ಡಿ.ಸಿ. ಮಾಡಿಕೊಡುವ ರೆಕ್ಟಿಫೈಯರಿನ ತಾಮ್ರದ ತುದಿಗಳು ಕಿಲುಬು ಹಿಡಿಯುತ್ತವೆ, ಅದನ್ನು ಬೇರೆ ಕೋಣೆಯಲ್ಲಿಡಿ.

ಮಾರಾಟಗಾರರು ಹೇಳಿದ ‘ರಾಸಾಯನಿಕವೇ ಬೇಡ’ ಎಂಬ ಮಾತು ನಿಜವಲ್ಲ. ಕ್ರೋಮಿಯಂ ಪಿಎಚ್ 8ರ ಸುಮಾರಿಗೆ ಕೆಳಗೆ ಕೂರುತ್ತದೆ, ಸತುವಿಗೆ 9ರ ಆಸುಪಾಸು ಬೇಕು. ಹೊರಬಿಡುವ ನೀರಿನ ಪಿಎಚ್ 9 ದಾಟಬಾರದು. ಹಾಗಾಗಿ ಕಾಸ್ಟಿಕ್ ಸೋಡಾವೂ ಪಿಎಚ್ ಮೀಟರೂ ಇರಲೇಬೇಕು. ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2, ಸತು 5 ಮೀರಬಾರದೆಂಬುದು ನಿಯಮ. ಮೊದಲನೆಯದನ್ನು ಈ ಘಟಕ ಸಲೀಸಾಗಿ ನಿಭಾಯಿಸುತ್ತದೆ. ಪಿಎಚ್ ಜಾರಿದ ದಿನ ಕೈಕೊಡುವುದು ಸತು. ತಗಡಿನ ಖರ್ಚನ್ನೂ ಲೆಕ್ಕ ಹಾಕಿ: ಒಂದು ಗ್ರಾಂ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಮೂರು ಗ್ರಾಮಿಗೂ ಹೆಚ್ಚು ಕಬ್ಬಿಣ ಕರಗಬೇಕು.

ಲೋಹ ಎಲ್ಲಿಗೂ ಮಾಯವಾಗುವುದಿಲ್ಲ, ನೀರಿನಿಂದ ಸ್ಲಡ್ಜ್‌ಗೆ, ಅಂದರೆ ತಳದಲ್ಲಿ ಕೂತ ಮತ್ತು ನೊರೆಯಾಗಿ ಮೇಲೆ ಬಂದ ಕೆಸರಿಗೆ, ಬರುತ್ತದೆ, ಅಷ್ಟೆ. ಕಾಳಿ ನದಿಯ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಮನೆಗಳಿವೆ. ಚಿಪ್ಪಿನ ಜೀವಿಗಳು ನೀರಿನಲ್ಲಿರುವ ಲೋಹವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ, ಅದು ಊಟದ ತಟ್ಟೆಗೇ ಬರುತ್ತದೆ. ಸ್ಲಡ್ಜ್ ಮಳೆಗೆ ತೊಳೆದುಹೋದರೆ ಇಷ್ಟೆಲ್ಲ ಖರ್ಚು ಮಾಡಿ ಏನು ಬಂತು? 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಸಾಮಾನ್ಯವಾಗಿ 90 ದಿನಗಳೊಳಗೆ ಅಧಿಕೃತ ವಿಲೇವಾರಿ ಘಟಕಕ್ಕೆ ಕಳುಹಿಸಬೇಕು. ಅಲ್ಲಿಯವರೆಗೆ ಚೀಲಗಳನ್ನಿಡಲು ಸೂರು, ಸಿಮೆಂಟ್ ನೆಲ, ಸುತ್ತ ಕಟ್ಟೆ ಇರುವ ಜಾಗ ಸಿದ್ಧಮಾಡಿಕೊಂಡ ಮೇಲೆಯೇ ಯಂತ್ರಕ್ಕೆ ಮುಂಗಡ ಕೊಡಿ.