ಅಮ್ಮನ ವರ್ಷದ ಎಡಿಗೆ ತಂದ ಇಳಕಲ್ ಸೀರೆ

ಕೈಮಗ್ಗದ ಇಳಕಲ್ ಸೀರೆ. ಕಾಟನ್ ಒಡಲು, ನವಿಲು ಹಸಿರು ಬಣ್ಣ, ಸಣ್ಣ ಚೌಕಳಿ. ದಡಿ, ಅಂದರೆ ಅಂಚು, ಕೆಂಪು. ಸೆರಗು ಶುದ್ಧ ರೇಷ್ಮೆ. ಆರು ವಾರಿ. ಕೊಟ್ಟಿದ್ದು 4,200 ರೂಪಾಯಿ. ಇಳಕಲ್‌ನಲ್ಲಿ ಒಬ್ಬ ನೇಕಾರರ ಮನೆಗೇ ಹೋಗಿ ತಂದೆ. ತಂದು ಐದು ತಿಂಗಳಾಯ್ತು, ಮೂರು ಸಲ ಒಗೆದಿದ್ದೇವೆ. ಈಗ ಇದರ ಬಗ್ಗೆ ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ಅದಕ್ಕೂ ಮುಂಚೆ ಅಮ್ಮನ ಬಗ್ಗೆ ಹೇಳಬೇಕು. ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ, ಹೆತ್ತವಳಿಗೆ ಅವ್ವ. ಅಮ್ಮ ಹುಟ್ಟಿದ್ದು ಇಳಕಲ್‌ನಲ್ಲಿ, ಮದುವೆಯಾಗಿದ್ದು ಅದೇ ಊರಿನ ಎರಡು ಓಣಿ ಆಚೆಯ ಮನೆಗೆ, ಹೋದ ವರ್ಷ ತೀರಿಕೊಂಡಿದ್ದೂ ಅಲ್ಲೇ. ಎಂಟನೇ ವಯಸ್ಸಿಗೆ ರಾಟಿ ಮುಂದೆ ಕೂತು ಕಂಡಿಕಿ ಸುತ್ತೋಕೆ ಶುರು ಮಾಡಿದವಳು, ಕಣ್ಣು ಪೂರ್ತಿ ಮಂಜಾಗುವವರೆಗೂ ಸುತ್ತಿದಳು. ಲಾಳಿಯೊಳಗೆ ಕೂರುತ್ತಲ್ಲ, ನೂಲು ಸುತ್ತಿದ ಸಣ್ಣ ಕೊಳವೆ, ಅದೇ ಕಂಡಿಕಿ. ಮಗ್ಗದ ಮೇಲೆ ಕೂರುತ್ತಿದ್ದವನು ಅಜ್ಜ, ಆದರೆ ಅಮ್ಮನ ಕಂಡಿಕಿ ಇಲ್ಲದೆ ಅವನ ಲಾಳಿ ಒಂದು ಸಲವೂ ಓಡುತ್ತಿರಲಿಲ್ಲ. ಸೀರೆ ಮಾರುವಾಗ ಮಾತ್ರ ಅವಳ ಹೆಸರು ಎಲ್ಲೂ ಬರುತ್ತಿರಲಿಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಹಾಗೇ ಇದೆ, ಅದು ನನಗೆ ಬೇಜಾರಿನ ವಿಷಯ.

ಊರು ಅಂದರೆ ಅವಳಿಗೆ ಜೀವ. ಬೆಂಗಳೂರಿಗೆ ನಮ್ಮ ಮನೆಗೆ ಬಂದರೆ ಎಂಟು ದಿನ, ಒಂಬತ್ತನೇ ದಿನಕ್ಕೆ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟುಬಿಡುತ್ತಿದ್ದಳು. "ಇರು ಅಮ್ಮ, ಅಲ್ಲಿ ಏನೈತಿ?" ಅಂದರೆ, "ಊರಾಗ ಯಾರರ ಹಡೀತಾರ, ಯಾರರ ಸಾಯ್ತಾರ, ನಾ ಇರಬ್ಯಾಡೇನು?" ಅನ್ನುತ್ತಿದ್ದಳು. ಬರುವಾಗ ಒಂದು ಡಬ್ಬಿ ಗುರೆಳ್ಳು ಚಟ್ನಿ, ಒಂದು ಕಟ್ಟು ಖಡಕ್ ರೊಟ್ಟಿ, ದಾರಿಯಲ್ಲಿ ಅಮೀನಗಡ ಬರದಿದ್ದರೂ ಯಾರ ಕೈಲೋ ತರಿಸಿದ ಕರದಂಟು. ಒಮ್ಮೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಮುಂದೆ ಹಾಸಿದ ಕೆಂಪು ಗ್ರಾನೈಟ್ ನೋಡಿ ಕೂತುಬಿಟ್ಟಳು. ಅಂಗೈಯಿಂದ ಸವರಿ, "ಇದು ನಮ್ಮೂರ ಕಲ್ಲು" ಅಂದಳು. ಅದು ನಿಜವಾಗಿ ಇಳಕಲ್ ಕಲ್ಲೋ ಅಲ್ವೋ ಗೊತ್ತಿಲ್ಲ, ಆದರೆ ಇಳಕಲ್ ಗ್ರಾನೈಟ್ ದೇಶದ ಆಚೆಗೂ ಹೋಗುತ್ತೆ ಅನ್ನೋದು ಅವಳಿಗೆ ಗೊತ್ತಿತ್ತು. ಅಲ್ಲಿಂದ ಊರಿಗೆ ಹೋಗುವವರೆಗೂ ದಿನಾ ಬೆಳಿಗ್ಗೆ ಆ ಕಲ್ಲಿನ ಮೇಲೆ ಒಂದು ನಿಮಿಷ ನಿಂತು ಬರುತ್ತಿದ್ದಳು.

ಮಠದ ಮಾತು ಬಂದರಂತೂ ಮುಗಿಯುತ್ತಲೇ ಇರಲಿಲ್ಲ. ಇಳಕಲ್‌ನ ಚಿತ್ತರಗಿ ಪೀಠದ ಸ್ವಾಮಿಗಳು ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಮನೆ ಮನೆಗೆ ಬರುತ್ತಿದ್ದರಲ್ಲ, ದುಡ್ಡು ಕಾಳು ಬೇಡ, ನಿಮ್ಮ ಕೆಟ್ಟ ಚಟ ಹಾಕಿ ಅಂತ ಕೇಳುತ್ತಿದ್ದರು. ಅದೇ ಮಹಾಂತ ಜೋಳಿಗೆ. ನಮ್ಮ ಅಜ್ಜ ಬೀಡಿ ಕಟ್ಟು, ಬೆಂಕಿಪೊಟ್ಟಣ ಎರಡನ್ನೂ ಅದರಲ್ಲಿ ಹಾಕಿದ್ದು ಅಮ್ಮನ ಕಣ್ಣ ಮುಂದೆ. ಆಮೇಲೆ ಮುಟ್ಟಲಿಲ್ಲವಂತೆ. 2018ರಲ್ಲಿ ಅಪ್ಪಗಳು ಲಿಂಗೈಕ್ಯರಾದಾಗ ಅಮ್ಮ ಎರಡು ದಿನ ಊಟ ಮಾಡಲಿಲ್ಲ. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಅಂತ ಮಾಡಿದ ಸುದ್ದಿಯನ್ನು ನಾನೇ ಫೋನಿನಲ್ಲಿ ಓದಿ ಹೇಳಿದ್ದೆ. ಓಣಿ ತುಂಬ ಹೇಳಿಕೊಂಡು ಬಂದಳು.

ಈಗ ಸೀರೆ. ಅಮ್ಮನ ವರ್ಷದ ಎಡಿಗೆ, ಅಂದರೆ ತೀರಿಕೊಂಡು ವರ್ಷವಾದಾಗ ಇಡುವ ನೈವೇದ್ಯಕ್ಕೆ, ಒಂದು ಹೊಸ ಇಳಕಲ್ ಸೀರೆ ಇಡಬೇಕು ಅಂತ ಅವ್ವ ಹೇಳಿದಳು. ನಾನು ಬೆಂಗಳೂರಿನಲ್ಲಿ ಕೂತು, ಕೆಲಸದ ಗಡಿಬಿಡಿಯಲ್ಲಿ, ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದೆ. 'ಒರಿಜಿನಲ್ ಇಳಕಲ್ ಹ್ಯಾಂಡ್‌ಲೂಮ್' ಅಂತ ಬರೆದಿತ್ತು, 899 ರೂಪಾಯಿ. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅವ್ವ ಪೊಟ್ಟಣ ಬಿಚ್ಚಿದಳು, ಸೆರಗು ಹುಡುಕಿದಳು, ತಿರುವಿ ಹಾಕಿದಳು. ಹೆಬ್ಬೆರಳಿನ ಉಗುರನ್ನು ಸೆರಗು ಶುರುವಾಗುವ ಕಡೆ ಆಡಿಸಿದಳು. "ಕೊಂಡಿ ಎಲ್ಲೈತಿ ಇದ್ರಾಗ?" ಅಂದಳು. ಇರಲಿಲ್ಲ. "ಇದು ಮಗ್ಗದ್ದಲ್ಲ ಬಿಡು. ಇದನ್ನ ನಮ್ಮ ಅತ್ತಿ ಮುಂದ ಇಟ್ರ ಎದ್ದು ಬರ್ತಾಳ." ಅವ್ವ ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅವತ್ತು ಆದ ಸಂಕಟ ಇನ್ನೂ ಹೋಗಿಲ್ಲ.

ಕೊಂಡಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಇಳಕಲ್ ಸೀರೆ ಕೊಳ್ಳುವವರು ನೋಡಬೇಕಾದ ಮೊದಲ ವಿಷಯ ಇದೇ. ಬೇರೆ ಹೆಚ್ಚಿನ ಸೀರೆಗಳಲ್ಲಿ ಉದ್ದಕ್ಕೆ ಹೋಗುವ ಎಳೆ, ಅಂದರೆ ಹಾಸು, ಈ ತುದಿಯಿಂದ ಆ ತುದಿವರೆಗೂ ಒಂದೇ. ಇಳಕಲ್‌ನಲ್ಲಿ ಹಾಗಲ್ಲ. ಒಡಲಿಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಒಡಲಿನದು ಹತ್ತಿ, ಸೆರಗಿನದು ಕೆಂಪು ರೇಷ್ಮೆ. ಈ ಎರಡನ್ನೂ ಮಗ್ಗಕ್ಕೆ ಏರಿಸುವ ಮುಂಚೆ ಕೈಯಲ್ಲೇ ಕುಣಿಕೆ ಹಾಕಿ ಒಂದಕ್ಕೊಂದು ಸೇರಿಸುತ್ತಾರೆ. ಹಾಗೆ ಸೇರಿಸಿದ ಜಾಗವೇ ಕೊಂಡಿ. ಸೀರೆ ಪೂರ್ತಿಯಾದ ಮೇಲೆ ಅಲ್ಲಿ ಅಡ್ಡಕ್ಕೆ ಒಂದು ಸಣ್ಣ ಗೆರೆ ಕೈಗೆ ಸಿಗುತ್ತೆ. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತೆ.

ಇದರಿಂದ ಏನು ಲಾಭ? ಸೆರಗಿನ ಬಣ್ಣ ನೋಡಿ. ಉದ್ದಕ್ಕೂ ಕೆಂಪು, ಅಡ್ಡಕ್ಕೂ ಕೆಂಪು, ಅದಕ್ಕೇ ಆ ಕೆಂಪು ಕುಂಕುಮದ ಹಾಗೆ ಗಟ್ಟಿಯಾಗಿ ಕಾಣುತ್ತೆ. ನಕಲಿಯಲ್ಲಿ ಒಡಲಿನ ಎಳೆಯೇ ಸೆರಗಿನ ತುದಿವರೆಗೆ ಓಡಿರುತ್ತೆ. ಹಾಗಾಗಿ ಕೆಂಪಿನೊಳಗೆ ಹಸಿರೋ ನೀಲಿಯೋ ಬೆರೆತು ಮಬ್ಬಾಗಿ ಕಾಣುತ್ತೆ. ಒಂದು ಸಲ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಸಾಕು, ಮತ್ತೆ ಯಾರೂ ನಿಮಗೆ ಮೋಸ ಮಾಡೋಕಾಗಲ್ಲ. ಇನ್ನೊಂದು, ಪ್ರತಿ ಸೀರೆಗೂ ಹೀಗೆ ಬೇರೆಯಾಗಿ ಹಾಸು ಮಾಡಿ ಕೊಂಡಿ ಹಾಕಬೇಕು. ಸಾಲಾಗಿ ಹತ್ತು ಸೀರೆ ಒಂದೇ ಹಾಸಿನಲ್ಲಿ ನೇಯ್ದು ಕತ್ತರಿಸಿ ಕೊಡೋ ಹಾಗಿಲ್ಲ. 899 ರೂಪಾಯಿಗೆ ಅದು ಹೇಗೆ ಸಾಧ್ಯ? ನಾನು ಮೊದಲೇ ಯೋಚಿಸಬೇಕಿತ್ತು.

ಮುಂದಿನ ವಾರ ರಜೆ ಹಾಕಿ ಅವ್ವನ ಜೊತೆ ಇಳಕಲ್‌ಗೆ ಹೋದೆ. ಅಮ್ಮ ಇಲ್ಲದ ಊರಿಗೆ ಮೊದಲ ಸಲ. ಬಸ್ ಸ್ಟ್ಯಾಂಡಿನಿಂದ ಮನೆವರೆಗೆ ಏಳೆಂಟು ಜನ ನಿಲ್ಲಿಸಿ ಮಾತಾಡಿಸಿದರು. ಒಬ್ಬೊಬ್ಬರದೂ ಒಂದೊಂದು ಕಥೆ. ನನ್ನ ಬಾಣಂತನಕ್ಕೆ ಬಂದಿದ್ದಳು ಅಂದವರು, ನಮ್ಮ ಮಗ್ಗ ನಿಂತಾಗ ಜೋಳ ಕೊಟ್ಟು ಕಳಿಸಿದ್ದಳು ಅಂದವರು. ಇವು ಯಾವುದೂ ನಮಗೆ ಗೊತ್ತಿರಲಿಲ್ಲ. ಅಮ್ಮ ಹೇಳಿರಲೇ ಇಲ್ಲ.

ಅಜ್ಜನ ಮಗ್ಗ ಮಾರಿ ಬಹಳ ವರ್ಷವಾಗಿದೆ. ಅಮ್ಮ ಕೊನೆಕೊನೆಗೆ ಕಂಡಿಕಿ ಸುತ್ತಿ ಕೊಡುತ್ತಿದ್ದ ಮನೆ ಹತ್ತಿರದಲ್ಲೇ ಇತ್ತು, ಅಲ್ಲಿಗೇ ಹೋದೆವು. ಬೋರ್ಡ್ ಇಲ್ಲ, ಗಾಜಿನ ಕಪಾಟಿಲ್ಲ. ಪಡಸಾಲೆಯಲ್ಲಿ ಒಂದು ಕುಣಿಮಗ್ಗ, ನೇಕಾರರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಒಳಕೋಣೆಯ ಗಡಂಚಿ ಮೇಲೆ ಇಪ್ಪತ್ತು ಮೂವತ್ತು ಸೀರೆ, ಹಳೆ ಪಂಚೆಯಲ್ಲಿ ಸುತ್ತಿ ಇಟ್ಟದ್ದು. ಅವರ ಹೆಂಡತಿ ಕೊಂಡಿ ಹಾಕುತ್ತಾ ಕೂತಿದ್ದರು. ಎಡಗೈಯಲ್ಲಿ ಕೆಂಪು ರೇಷ್ಮೆ, ಬಲಗೈಯಲ್ಲಿ ಹಸಿರು ಹತ್ತಿ. ಕುಣಿಕೆಯೊಳಗೆ ಎಳೆ ತೂರಿಸಿ, ಬೆರಳಲ್ಲಿ ಒಮ್ಮೆ ಹೊಸೆದು, ಎಳೆದು, ಮುಂದಕ್ಕೆ. ಕಣ್ಣು ನಮ್ಮ ಮೇಲೆ, ಮಾತು ನಮ್ಮ ಜೊತೆ, ಕೈ ಮಾತ್ರ ನಿಲ್ಲಲಿಲ್ಲ. ನಾನು ಎಣಿಸೋಕೆ ನೋಡಿದೆ, ಐವತ್ತಕ್ಕೆ ತಪ್ಪಿತು. ಕೇಳಿದ್ದಕ್ಕೆ, "ಸಾವಿರಗಟ್ಟಲೆ ಇರ್ತಾವ ಬೇ" ಅಂದು ನಕ್ಕರು. ಮನೆಮಂದಿಯೆಲ್ಲ ಸೇರಿದರೂ ಒಂದು ಸೀರೆಗೆ ಹತ್ತಿರ ಹತ್ತಿರ ಒಂದು ವಾರ ಹಿಡಿಯುತ್ತೆ ಅಂತ ಹೇಳಿದರು.

ಸೀರೆ ತೋರಿಸುವಾಗ ಅವರು ಒಂದನ್ನೂ ಹೊಗಳಲಿಲ್ಲ. ಇದರ ಸೆರಗು ಆರ್ಟ್ ಸಿಲ್ಕ್ (ಕೃತಕ ರೇಷ್ಮೆ), ಇದರದು ಶುದ್ಧ ರೇಷ್ಮೆ, ಇದರಲ್ಲಿ ಒಂದು ಕಡೆ ಎಳೆ ತಪ್ಪಿದೆ, ಅದಕ್ಕೆ ರೇಟು ಕಡಿಮೆ, ಹೀಗೆ ಇದ್ದದ್ದು ಇದ್ದ ಹಾಗೆ. ಆರ್ಟ್ ಸಿಲ್ಕ್ ಸೆರಗಿನದು ಸುಮಾರು ಅರ್ಧ ಬೆಲೆಗೆ ಸಿಗುತ್ತಿತ್ತು, ಅದೂ ಕೈಮಗ್ಗದ್ದೇ, ಅದಕ್ಕೂ ಕೊಂಡಿ ಇತ್ತು. ದುಡ್ಡು ಕಡಿಮೆ ಇದ್ದವರು ಅದನ್ನು ಧಾರಾಳವಾಗಿ ತಗೋಬಹುದು. ದಡಿಯಲ್ಲಿ ಗೋಮಿ, ಪರಾಸಪೇಟೆ, ಗಾಡಿ ಅಂತ ಬೇರೆ ಬೇರೆ ಇವೆ. ನಾವು ತಗೊಂಡಿದ್ದು ಗೋಮಿ ದಡಿಯದು, ಅಮ್ಮ ಯಾವಾಗಲೂ ಉಡುತ್ತಿದ್ದದ್ದು ಅದೇ. ಸೆರಗು ಟೋಪ್ ತೆನಿ. ಕೆಂಪು ಮೂರು ಪಟ್ಟಿ, ನಡುವೆ ಬಿಳಿ ಎರಡು ಪಟ್ಟಿ, ಎರಡೂ ಸೇರುವ ಕಡೆ ಬಾಚಣಿಗೆ ಹಲ್ಲಿನ ಹಾಗೆ ಒಂದರೊಳಗೊಂದು ಕೂತಿರುತ್ತೆ. ಅಮ್ಮ ಉಡುತ್ತಿದ್ದದ್ದು ಕಚ್ಚೆ ಹಾಕುವ ಹದಿನೆಂಟು ಮೊಳದ್ದು. ಎಡಿಗೆ ಇಟ್ಟ ಸೀರೆಯನ್ನು ಆಮೇಲೆ ಅವ್ವ ಉಡ್ತಾಳೆ ಅಂತ ಆರು ವಾರಿಯದೇ ಸಾಕು ಅಂದೆವು. ಹದಿನೆಂಟು ಮೊಳದ್ದು ಬೇಕಿದ್ದರೆ ಮೊದಲೇ ಹೇಳಬೇಕಂತೆ, ಈಗ ಉಡುವವರು ಕಡಿಮೆಯಾಗಿದ್ದಾರೆ. ಮಹಾರಾಷ್ಟ್ರದ ಕಡೆಯವರು ಇರಕಲ್ ಅಂತ ಕೇಳಿಕೊಂಡು ಬಂದು ಒಯ್ತಾರೆ ಅಂದರು.

ಬಳಸಿದ ಮೇಲೆ ಹೇಗಿದೆ ಅಂದರೆ, ಮೊದಲ ದಿನ ಗಂಜಿ ಇರೋದರಿಂದ ಸ್ವಲ್ಪ ಬಿರುಸು, ನೆರಿಗೆ ಉಬ್ಬುತ್ತೆ. ಎರಡು ಸಲ ಒಗೆದ ಮೇಲೆ ಒಡಲು ಮೆತ್ತಗಾಗಿ ಮೈಗೆ ಕೂರೋಕೆ ಶುರುವಾಯ್ತು. ಏಪ್ರಿಲ್ ಬಿಸಿಲಿನಲ್ಲಿ ಇಡೀ ದಿನ ಉಟ್ಟರೂ ಅವ್ವನಿಗೆ ಸೆಕೆ ಅನ್ನಿಸಲಿಲ್ಲ. ಮೊದಲ ಸಲ ಉಪ್ಪು ಹಾಕಿದ ತಣ್ಣೀರಲ್ಲಿ ಅದ್ದಿ ತೆಗೀರಿ, ನೆನೆಹಾಕಬೇಡಿ, ನೆರಳಲ್ಲಿ ಒಣಗಿಸಿ ಅಂತ ಅವರು ಹೇಳಿ ಕಳಿಸಿದ್ದರು. ಹಾಗೇ ಮಾಡಿದೆವು. ಆದರೂ ಮೊದಲ ನೀರಿಗೆ ಸ್ವಲ್ಪ ಕೆಂಪು ಬಿಟ್ಟಿತು, ಸೆರಗಿನ ಬಿಳಿ ಪಟ್ಟಿಗೆ ಹತ್ತಲಿಲ್ಲ. ಎರಡನೇ ಸಲದಿಂದ ಬಣ್ಣ ಹೋಗಿಲ್ಲ. ವಾಷಿಂಗ್ ಮಷೀನಿಗೆ ಮಾತ್ರ ಖಂಡಿತ ಹಾಕಬೇಡಿ.

ಕೊರತೆ ಇಲ್ಲ ಅಂತಲ್ಲ. ಬ್ಲೌಸ್ ಪೀಸ್ ಬರಲಿಲ್ಲ. ನಮ್ಮ ಕಡೆಯವರಿಗೆ ಅದು ತೊಂದರೆಯಲ್ಲ, ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಜೋಡಿ. ಗೊತ್ತಿಲ್ಲದವರು ಅಲ್ಲಿಂದ ಬರುವಾಗಲೇ ಒಂದು ಖಣ ತಗೊಂಡುಬಿಡಿ. ಸೆರಗಿನ ತುದಿಯ ಎಳೆಗಳಿಗೆ ಗೊಂಡೆ ಕಟ್ಟಿರಲಿಲ್ಲ, ನಾವೇ ಕಟ್ಟಿಸಿದೆವು. ಬಣ್ಣಗಳಲ್ಲಿ ಆಯ್ಕೆ ಕಡಿಮೆ, ತಿಳಿ ಬಣ್ಣ ಬೇಕು ಅನ್ನುವವರಿಗೆ ಸಿಗಲಿಕ್ಕಿಲ್ಲ. ಫೋನ್‌ಪೇ ನಡೀತು, ಕೈಯಲ್ಲಿ ಬರೆದ ಬಿಲ್ ಕೊಟ್ಟರು. ಬೆಂಗಳೂರಿಗೆ ಪಾರ್ಸೆಲ್ ಮಾಡೋದು ಅವರಿಗೆ ಅಭ್ಯಾಸವಿಲ್ಲ. ದೂರದವರು ಕೈಮಗ್ಗದ ಗುರುತಿನ ಲೇಬಲ್ ಇರುವ ಅಂಗಡಿಯಲ್ಲಿ ಕೊಳ್ಳೋದು ಒಳ್ಳೇದು. ಲೇಬಲ್ ಇದ್ದರೂ ಸೆರಗು ತಿರುವಿ ಉಗುರು ಆಡಿಸಿ ನೋಡಿ. ಆನ್‌ಲೈನ್ ಆದರೆ ಸೆರಗಿನ ಹಿಂಬದಿಯ ಫೋಟೋ ಕೇಳಿ. ಕೊಡಲ್ಲ ಅಂದರೆ ಬಿಟ್ಟುಬಿಡಿ.

ಚೌಕಾಶಿ ಮಾಡಬೇಡಿ ಅಂತ ಒಂದು ಮಾತು ಕೈಮುಗಿದು ಕೇಳ್ತೀನಿ. ಅವ್ವ ಅಭ್ಯಾಸಬಲದಿಂದ ಇನ್ನೂರು ಕಡಿಮೆ ಮಾಡಿ ಅಂದಳು. ಆ ತಾಯಿ ಸುಮ್ನೆ ತಮ್ಮ ಬಲಗೈ ತೋರು ಬೆರಳು ತೋರಿಸಿದರು. ತುದಿಯಲ್ಲಿ ಚರ್ಮ ಗಟ್ಟಿಯಾಗಿ, ನೂಲು ಓಡಿ ಓಡಿ ಒಂದು ಸಣ್ಣ ಕಾಲುವೆ ಬಿದ್ದಿತ್ತು. ಅಮ್ಮನ ಬೆರಳಲ್ಲೂ ಅದೇ ಇತ್ತು. ಚಿಕ್ಕವಳಿದ್ದಾಗ ನಾನು ಅದರಲ್ಲಿ ಉಗುರಿಟ್ಟು ಆಡುತ್ತಿದ್ದೆ. ಅವ್ವ ಪರ್ಸ್ ತೆಗೆದು ಪೂರ್ತಿ ಕೊಟ್ಟಳು.

ಎಡಿ ದಿನ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಎಲ್ಲ ಅಮ್ಮನಿಗೆ ಬೇಕಾದದ್ದೇ. ಸೀರೆ ಮಡಿಸಿ ಫೋಟೋ ಮುಂದೆ ಇಡುವಾಗ ಅವ್ವ ಸೆರಗಿನ ಕೊಂಡಿ ಮೇಲಕ್ಕೆ ಬರುವ ಹಾಗೆ ಮಡಿಸಿದಳು. ಊರಿಂದ ಬಂದ ದೊಡ್ಡಮ್ಮಂದಿರು ಒಬ್ಬೊಬ್ಬರಾಗಿ ಬಂದು, ಮೊದಲು ಅದನ್ನು ಮುಟ್ಟಿ ನೋಡಿ, ಆಮೇಲೆ ಕೈಮುಗಿದರು.

ನನಗೊಂದು ಕರಿ ಚಂದ್ರಕಾಳಿ ಸೀರೆ ಹೇಳಿ ಬಂದಿದ್ದೇನೆ, ಹದಿನೆಂಟು ಮೊಳದ್ದು. ಬನಶಂಕರಿ ಜಾತ್ರೆ ಹೊತ್ತಿಗೆ ಕೊಡ್ತೀವಿ ಅಂದಿದ್ದಾರೆ. ಕಚ್ಚೆ ಹಾಕಿ ಉಡೋದನ್ನು ಅವ್ವನ ಹತ್ತಿರ ಕಲಿತಾ ಇದ್ದೀನಿ, ಹಳೇ ಸೀರೆ ಎರಡು ಜೋಡಿಸಿಕೊಂಡು. ಇನ್ನೂ ಸರಿಯಾಗಿ ಬರ್ತಾ ಇಲ್ಲ.