ರೊಟ್ಟಿ ಬಡಿಯುವ ಕೈಗೆ ನಿಶ್ಚಿತಾರ್ಥದ ಉಂಗುರ: ಎರಡೂವರೆ ವರ್ಷ ಹಾಕಿಕೊಂಡ ಮೇಲೆ

ನನ್ನ ಮೊದಲ ಉಂಗುರ ಒಂದು ವರ್ಷವೂ ಬಾಳಲಿಲ್ಲ. 22 ಕ್ಯಾರೆಟ್ ಬಂಗಾರ, ಎತ್ತರಕ್ಕೆ ಕೂರಿಸಿದ ಹರಳು, ಅದನ್ನು ಹಿಡಿದಿದ್ದು ನಾಲ್ಕು ಸಣ್ಣ ಹಲ್ಲು. ನೋಡೋಕೆ ಬಹಳ ಚಂದ ಇತ್ತು. ಆದರೆ ಕಲಬುರಗಿಯ ಮನೇಲಿ ದಿನಾ ರೊಟ್ಟಿ ಬಡಿಯಬೇಕಲ್ವಾ? ಬಿಸಿನೀರು ಹಾಕಿ ಜೋಳದ ಹಿಟ್ಟು ನಾದುವಾಗ ಹರಳಿನ ಕೆಳಗೆಲ್ಲ ಹಿಟ್ಟು ತುಂಬಿಕೊಂಡು ಒಣಗಿ ಕಲ್ಲಾಗುತ್ತಿತ್ತು. ಪಿನ್ನಿನಿಂದ ಕೆದಕಿ ತೆಗೆಯುತ್ತಿದ್ದೆ. ಒಂದು ದಿನ ಟವೆಲ್ಲಿನ ದಾರಕ್ಕೆ ಸಿಕ್ಕಿ ಒಂದು ಹಲ್ಲು ಎದ್ದಿದೆ, ನಾನು ನೋಡಿಲ್ಲ. ಸಂಜೆ ನೋಡಿದರೆ ಹರಳೇ ಇಲ್ಲ. ಹಿಟ್ಟಿನ ಡಬ್ಬಿ ಪೂರ್ತಿ ಜರಡಿ ಹಿಡಿದರೂ ಸಿಗಲಿಲ್ಲ. ಅವತ್ತು ಅತ್ತುಬಿಟ್ಟೆ.

2023ರ ಮೇ ತಿಂಗಳಲ್ಲಿ ಎರಡನೆಯದು ತಗೊಂಡೆವು. ಸರಾಫ್ ಬಜಾರಿಗೆ ಹೋಗುವ ಮುಂಚೆ ನಮ್ಮ ಪತ್ತಾರ (ಅಕ್ಕಸಾಲಿಗ) ಕಾಕಾ ಒಂದೇ ಮಾತು ಹೇಳಿದ್ದರು: "ಹರಳು ಆಮ್ಯಾಲ ನೋಡವ್ವ, ಮೊದಲು ಉಂಗುರ ತಿರುವಿ ಕೆಳಗ ನೋಡು." ನಿಜ. ಅಂಗಡಿಯಲ್ಲಿ ತೋರಿಸಿದ ಎಷ್ಟೋ ಉಂಗುರಗಳು ಮೇಲೆ ದಪ್ಪ, ಅಂಗೈ ಕಡೆ ತಗಡಿನಷ್ಟು ತೆಳು. ಸ್ಕೂಟಿ ಹ್ಯಾಂಡಲ್ಲು, ಕೊಡದ ಬಾಯಿ, ಕುಕ್ಕರಿನ ಹಿಡಿ ಎಲ್ಲ ಒತ್ತುವುದು ಆ ಕಡೆಗೇ.

ಕೊನೆಗೆ ತಗೊಂಡಿದ್ದು 18 ಕ್ಯಾರೆಟ್, ಸುಮಾರು 4 ಗ್ರಾಂ, ಸುತ್ತಲೂ ಒಂದೇ ದಪ್ಪ. ಸಣ್ಣ ವಜ್ರ, ಬೆರಳಿಗೆ ಅಂಟಿದ ಹಾಗೆ ಕೆಳಗೇ ಕೂತಿದೆ. ಹಲ್ಲುಗಳಿಲ್ಲ, ಹರಳಿನ ಸುತ್ತ ಬಂಗಾರದ ಅಂಚನ್ನೇ ಒತ್ತಿ ಮುಚ್ಚಿದ್ದಾರೆ. ಈ ಅಂಚು ಇರುವುದಕ್ಕೆ ಹೊಳಪು ಸ್ವಲ್ಪ ಕಡಿಮೆ ಕಾಣುತ್ತೆ. ನನಗೆ ಅದು ಒಪ್ಪಿಗೆ.

ನಮ್ಮತ್ತೆಗೆ ಮಾತ್ರ ಸಮಾಧಾನ ಆಗಲಿಲ್ಲ. "18 ಅಂದ್ರ ಬಂಗಾರ ಕಡಿಮಿ ಅಲ್ಲೇನವ್ವ?" ಅಂದರು. ಹೌದು, ಕಡಿಮೆಯೇ. 22ರಲ್ಲಿ ನೂರಕ್ಕೆ 91.6 ಭಾಗ ಬಂಗಾರ, 18ರಲ್ಲಿ 75. ಉಳಿದಿದ್ದು ತಾಮ್ರ, ಬೆಳ್ಳಿಯಂಥ ಲೋಹ, ಗಟ್ಟಿತನ ಬರುವುದೇ ಅದರಿಂದ. ಮಾರುವಾಗ ದುಡ್ಡು ಕಡಿಮೆ ಬರುತ್ತೆ, ಅದನ್ನು ತಿಳಿದೇ ತಗೊಳ್ಳಿ. ಒಳಗಡೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಶುದ್ಧತೆ ಹೇಳುವ 18ಕೆ750, ಒಂದೊಂದು ಒಡವೆಗೂ ಬೇರೆಯೇ ಇರುವ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಎಚ್‌ಯುಐಡಿ ಇರಬೇಕು. ಅಂಗಡಿಯಲ್ಲೇ ನಿಂತು ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದೆ. ಹರಳಿನ ತೂಕ ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿಕೊಳ್ಳಿ.

ಒಂದು ತಪ್ಪಾಯಿತು. ಮೇ ತಿಂಗಳ ಮಧ್ಯಾಹ್ನ, ನಮ್ಮೂರ ಬಿಸಿಲು ಗೊತ್ತಲ್ಲ, ಬೆರಳು ಉಬ್ಬಿದಾಗ ಅಳತೆ ಕೊಟ್ಟೆ. ಡಿಸೆಂಬರ್ ಬೆಳಿಗ್ಗೆ ಬಟ್ಟೆ ಒಗೆಯುವಾಗ ಸೋಪಿನ ನೀರಿನಲ್ಲಿ ಜಾರಿ ಬಕೆಟ್ಟಿಗೆ ಬಿತ್ತು. ಒಂದು ಸೈಜ್ ಸಣ್ಣ ಮಾಡಿಸಬೇಕಾಯಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳತೆ ಕೊಡಿ. ಗೆಣ್ಣಿನ ಹತ್ತಿರ ಸ್ವಲ್ಪ ತಡೆದು ದಾಟಬೇಕು.

ಈಗ ಹೊರಮೈ ತುಂಬ ಸಣ್ಣ ಗೀರುಗಳಿವೆ, ಹೊಸದರ ಮಿರುಗು ಇಲ್ಲ. ವಜ್ರಕ್ಕೆ ಒಂದು ಗೀರೂ ಬಿದ್ದಿಲ್ಲ. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ ಹಳೆ ಬ್ರಷ್ಷಿನಿಂದ ಉಜ್ಜುತ್ತೇನೆ. ಆಮೇಲೆ ಕಿವಿ ಹತ್ತಿರ ಹಿಡಿದು ಬೆರಳಿಂದ ತಟ್ಟುತ್ತೇನೆ, ಹರಳು ಸಡಿಲಾಗಿದ್ದರೆ ಕಿಟಿಕಿಟಿ ಅನ್ನುತ್ತೆ. ಹೋದ ವಾರ ಕಾಕಾ ಕೂಡ ಭೂತಗನ್ನಡಿ ಹಿಡಿದು ಅಂಚೆಲ್ಲ ನೋಡಿದರು. ಏನೂ ಮಾಡದೆ ವಾಪಸ್ ಕೊಟ್ಟರು.