ಎಬಿಎಸ್ ಲೈಟ್ ಆರಿದ್ರೆ ಬ್ರೇಕ್ ಸರಿಹೋಯ್ತು ಅಂತ ನಂಬ್ಬೇಡಿ, ನಾನು ನಂಬಿ ಒಬ್ಬರ ಜೀವ ತೆಗೀತಿದ್ದೆ

ಮುಳಬಾಗಿಲು ಕಡೆಯಿಂದ ಕೋಲಾರ ಎಪಿಎಂಸಿಗೆ ಟಮೋಟ ಹಾಕೋರು, ಹಳೇ ಪಿಕಪ್ ಇಟ್ಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ, ಉದ್ದ ಆಯ್ತು ಅಂತ ಬಿಡ್ಬೇಡಿ.

ನಂದು 2016ನೇ ಮಾಡೆಲ್ ಡಬಲ್ ಕ್ಯಾಬಿನ್ ಪಿಕಪ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು, ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ವೀಲ್ ಕಟ್ಕೊಂಡು ಜಾರದ ಹಂಗೆ ನೋಡ್ಕೊಳ್ಳೋ ಸಿಸ್ಟಮ್) ಇರೋ ಗಾಡಿ. ಹೋದ ವರ್ಷ ಬೇಸಿಗೇಲಿ ಒಂದು ತೊಂದ್ರೆ ಶುರುವಾಯ್ತು. ಸ್ಪೀಡಲ್ಲಿದ್ದಾಗ ಬ್ರೇಕ್ ಚೆನ್ನಾಗೇ ಹಿಡಿಯೋದು, ಆದ್ರೆ ಮಂಡಿ ಗೇಟ್ ಹತ್ರ ನಿಧಾನ ಮಾಡ್ಕೊಂಡು ಬಂದು ಇನ್ನೇನು ಗಾಡಿ ನಿಲ್ಬೇಕು ಅನ್ನೋ ಹೊತ್ತಿಗೆ ಪೆಡಲ್ ಕಾಲಿನ ಕೆಳಗೆ ಗರಗರ ಅಂತ ಒದ್ಯೋದು, ಗಾಡಿ ನಿಲ್ದೆ ಇನ್ನೊಂದು ಮಾರು ಮುಂದಕ್ಕೆ ಹೋಗ್ಬಿಡೋದು. ಒಂದು ಸಲ ಮುಂದಿದ್ದ ಗಾಡಿ ಹಿಂದಿನ ಡೋರಿಗೆ ಮುಟ್ಟೇ ಬಿಡ್ತು. ಮೀಟರಲ್ಲಿ ಯಾವ ಲೈಟೂ ಇಲ್ಲ. ಎರಡು ವಾರ ಕಳೆದ ಮೇಲೆ ಎಬಿಎಸ್ಸಿನ ಹಳದಿ ಲೈಟ್ ಆಗಾಗ ಹತ್ತಕ್ಕೆ ಶುರುವಾಯ್ತು.

ಮೊದಲು ತೋರಿಸಿದ ಕಡೆ ಪ್ಯಾಡ್ ಬದಲಾಯಿಸಿ ಬ್ರೇಕ್ ಆಯಿಲ್ ಹೊಸದು ಹಾಕಿ ಏರ್ ತೆಗೆದ್ರು, ಏನೂ ಪ್ರಯೋಜನ ಆಗ್ಲಿಲ್ಲ. ಎರಡನೇ ಗ್ಯಾರೇಜಲ್ಲಿ ಬಾನೆಟ್ ಎತ್ತಿ ನೋಡಿದೋರು ಎರಡೇ ನಿಮಿಷದಲ್ಲಿ ಹೇಳಿದ್ರು, "ಮಾಡ್ಯೂಲ್ (ಎಬಿಎಸ್ ನಡೆಸೋ ಕಂಪ್ಯೂಟರ್ ಪೆಟ್ಟಿಗೆ) ಹೋಗ್ಬಿಟ್ಟೈತೆ ಅಣ್ಣ, ಹೊಸದು ಭಾರಿ ರೇಟು, ಬೆಂಗಳೂರಿಂದ ಗುಜರಿ ಪೀಸ್ ತರಿಸಿ ಹಾಕ್ಕೊಡ್ತೀನಿ." ಸ್ಕ್ಯಾನರ್ ಹಾಕ್ಲಿಲ್ಲ, ಒಂದು ವೀಲೂ ಬಿಚ್ಚಲಿಲ್ಲ. ನಾನೂ ಕೇಳ್ಲಿಲ್ಲ, ಸೀಸನ್ ಶುರುವಾಗ್ತಿತ್ತು, ಗಾಡಿ ನಿಂತ್ರೆ ಹಣ್ಣು ಕೊಳೆಯುತ್ತೆ. 34 ಸಾವಿರ ಕೊಟ್ಟೆ. ಹಾಕಿಸ್ಕೊಂಡು ಮನೆಗೆ ಬರೋ ದಾರೀಲೇ ಮತ್ತೆ ಅದೇ ಗರಗರ. ವಾಪಸ್ ತಗೊಂಡೋಗಿ ಬಿಟ್ಟೆ, ಎರಡು ದಿನ ಇಟ್ಕೊಂಡು "ಈಗ ನೋಡಿ ಅಣ್ಣ, ಪಕ್ಕಾ" ಅಂತ ಕೀ ಕೊಟ್ರು. ನಿಜವಾಗ್ಲೂ ಗರಗರ ಇಲ್ಲ, ಲೈಟೂ ಇಲ್ಲ. ಸರಿಹೋಯ್ತು ಅಂದ್ಕೊಂಡು ಓಡಿಸ್ದೆ.

ಜುಲೈ ತಿಂಗಳು, ಬೆಳಗಿನ ಜಾವ ಐದೂವರೆ, ಸಣ್ಣಗೆ ಮಳೆ. ಹಿಂದೆ 15 ಕೆಜಿ ಬಾಕ್ಸು 60 ಇತ್ತು, ಪಕ್ಕದಲ್ಲಿ ನನ್ನ ಭಾಮೈದ. ಊರಿನ ಕ್ರಾಸ್ ಹತ್ರ ಡೇರಿಗೆ ಹಾಲು ಹಾಕಕ್ಕೆ ಹೊರಟಿದ್ದ ಒಬ್ಬ ತಾತ ಟಿವಿಎಸ್ ಗಾಡೀಲಿ ಕ್ಯಾನ್ ಇಟ್ಕೊಂಡು ಅಡ್ಡ ಬಂದ್ಬಿಟ್ರು. ಜೋರಾಗಿ ಬ್ರೇಕ್ ತುಳಿದೆ. ಮುಂದಿನ ಎರಡು ವೀಲೂ ಕಟ್ಕೊಂಡು ನಿಂತೋದ್ವು, ಗಾಡಿ ಮಾತ್ರ ನೀರ್ ಮೇಲೆ ಜಾರ್ಕೊಂಡು ನೇರ ತಾತನ ಕಡೆಗೇ ಹೋಗ್ತೈತೆ, ಸ್ಟೇರಿಂಗ್ ಪೂರ್ತಿ ಎಡಕ್ಕೆ ಎಳೆದಿದೀನಿ, ಗಾಡಿ ತಿರುಗ್ತಾನೇ ಇಲ್ಲ. ಭಾಮೈದ "ಭಾವ, ಭಾವ" ಅಂತ ಕೂಗ್ತಿದ್ದಾನೆ. ಯಾವ ದೇವ್ರು ಬುದ್ಧಿ ಕೊಟ್ನೋ ಗೊತ್ತಿಲ್ಲ, ಬ್ರೇಕಿಂದ ಕಾಲು ಸ್ವಲ್ಪ ಸಡಿಲ ಮಾಡ್ದೆ, ವೀಲ್ ಉರುಳಕ್ಕೆ ಶುರುವಾದ ತಕ್ಷಣ ಗಾಡಿ ಎಡಕ್ಕೆ ತಿರುಗಿ ಪಕ್ಕದ ಹಳ್ಳಕ್ಕಿಳೀತು. ತಾತನಿಗೂ ಗಾಡಿಗೂ ಒಂದು ಮೊಳ ಅಂತರ ಇದ್ದಿರ್ಬೇಕು. ಹಾಲಿನ ಕ್ಯಾನ್ ಉರುಳಿ ಹಾಲೆಲ್ಲ ರೋಡಲ್ಲಿ, ಅದ್ರ ಮೇಲೆ ನಮ್ಮ ಟಮೋಟ. ಆ ತಾತ ನನ್ನನ್ನ ಬೈಲೂ ಇಲ್ಲ, ಕೈ ನಡುಗ್ತಾ ಹಂಗೇ ನಿಂತಿದ್ರು. ಅವ್ರ ಮುಖ ಈಗ್ಲೂ ಕಣ್ಮುಂದೆ ಐತೆ.

ಒದ್ದೆ ರೋಡಲ್ಲಿ ವೀಲ್ ಕಟ್ಕೊಂಡ್ರೆ ಸ್ಟೇರಿಂಗ್ ಕೆಲಸ ಮಾಡಲ್ಲ, ಆ ಟೈಮಲ್ಲಿ ವೀಲ್ ಕಟ್ಕೊಳ್ಳದ ಹಂಗೆ ಪ್ರೆಷರ್ ಬಿಟ್ಟು ಬಿಟ್ಟು ಹಿಡಿಯೋದೇ ಎಬಿಎಸ್ ಕೆಲಸ. ರಿಪೇರಿ ಆಗಿರೋ ಎಬಿಎಸ್ ಯಾಕೆ ಬರ್ಲಿಲ್ಲ ಅಂತ ಕೋಲಾರದಲ್ಲಿ ಗೊತ್ತಿರೋ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ರ ತಗೊಂಡೋದೆ. ಅವ್ರು ಕೀ ಆನ್ ಮಾಡಿ ಮೀಟರ್ ನೋಡಿದ್ರು, ಹ್ಯಾಂಡ್ ಬ್ರೇಕ್ ಎಳೆದ್ರು, "ಕೆಂಪು ಲೈಟ್ ಯಾಕೆ ಬರ್ತಿಲ್ಲ?" ಅಂದ್ರು. ನಾನು ಅದನ್ನ ಗಮನಿಸೇ ಇರ್ಲಿಲ್ಲ. ಮೀಟರ್ ಬಿಚ್ಚಿದ್ರು. ಎಬಿಎಸ್ ಗುರುತಿನ ಹಿಂದೆ, ಪಕ್ಕದ ಬ್ರೇಕ್ ಗುರುತಿನ ಹಿಂದೆ, ಉಗುರಗಲ ಕತ್ತರಿಸಿದ ಕಪ್ಪು ಇನ್ಸುಲೇಷನ್ ಟೇಪು, ನೀಟಾಗಿ ಅಂಟಿಸವ್ರೆ. ಫ್ಯೂಸ್ ಬಾಕ್ಸಲ್ಲಿ ಎಬಿಎಸ್ ಫ್ಯೂಸೇ ಇಲ್ಲ. ಫ್ಯೂಸ್ ಕಿತ್ರೆ ಎಬಿಎಸ್ ಸತ್ತೋಗುತ್ತೆ, ಗರಗರ ನಿಲ್ಲುತ್ತೆ, ಮಾಮೂಲಿ ಬ್ರೇಕ್ ಮಾತ್ರ ಇರುತ್ತೆ. ಆಗ ಲೈಟ್ ಹತ್ತಲೇ ಬೇಕು, ಅದಕ್ಕೇ ಟೇಪು. ಆ ಕೆಂಪು ಲೈಟು ಬ್ರೇಕ್ ಆಯಿಲ್ ಕಮ್ಮಿಯಾದ್ರೂ ಹತ್ತೋದು, ಅಂದ್ರೆ ಆಯಿಲ್ ಸೋರಿ ಖಾಲಿಯಾಗಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ. ಇದನ್ನ ಮೋಸ ಅನ್ನಲ್ಲ ನಾನು, ಕೊಲೆ ಮಾಡಕ್ಕೆ ದಾರಿ ಮಾಡಿಕೊಟ್ಟಂಗೆ.

ನಿಜವಾದ ತೊಂದ್ರೆ ಹಿಡಿಯಕ್ಕೆ ಅವ್ರಿಗೆ ಒಂದು ಗಂಟೇನೂ ಆಗ್ಲಿಲ್ಲ. ಫ್ಯೂಸ್ ವಾಪಸ್ ಹಾಕಿ, ಎಬಿಎಸ್ ಓದೋ ಸ್ಕ್ಯಾನರ್ ಕನೆಕ್ಟ್ ಮಾಡಿ, ನನ್ನ ಕೈಗೆ ಕೊಟ್ಟು ಗಾಡಿ ಓಡಿಸಿದ್ರು. ಸ್ಕ್ರೀನಲ್ಲಿ ನಾಲ್ಕೂ ವೀಲಿನ ಸ್ಪೀಡು ಬೇರೆಬೇರೆ ತೋರಿಸುತ್ತೆ. ಇಪ್ಪತ್ತರಲ್ಲಿ ನಾಲ್ಕೂ ಒಂದೇ, ಹದಿನೈದರಲ್ಲೂ ಒಂದೇ, ಎಂಟು ಒಂಬತ್ತಕ್ಕೆ ಇಳಿದ ತಕ್ಷಣ ಮುಂದಿನ ಎಡಗಡೆ ವೀಲ್ ಮಾತ್ರ ದಬಕ್ಕಂತ ಸೊನ್ನೆ. ಆ ವೀಲ್ ಕಟ್ಕೊಂಡಿದೆ ಅಂದ್ಕೊಂಡು ಕಂಪ್ಯೂಟರ್ ಬ್ರೇಕ್ ಪ್ರೆಷರ್ ಬಿಡ್ತಿತ್ತು, ಅದಕ್ಕೇ ಗಾಡಿ ಒಂದು ಮಾರು ಮುಂದಕ್ಕೆ ಹೋಗ್ತಿದ್ದಿದ್ದು. (ಆನ್‌ಲೈನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತೆ, ಅದ್ರಲ್ಲಿ ಏನೂ ಬರ್ಲಿಲ್ಲ ಅಂದ್ರೆ ಎಬಿಎಸ್ ಸರಿ ಇದೆ ಅಂತ ಅಲ್ಲ.)

ಎಡಗಡೆ ವೀಲಿನ ಸ್ಪೀಡ್ ಅಳೆಯೋ ಸೆನ್ಸರನ್ನ ಮಲ್ಟಿಮೀಟರಲ್ಲಿ ಚೆಕ್ ಮಾಡಿದ್ರೆ ಓಮ್ಸ್ (ರೆಸಿಸ್ಟೆನ್ಸ್) ಬಲಗಡೆಯಷ್ಟೇ ಬಂತು, ಸುಮಾರು 1300. ಇಲ್ಲೇ ಎಷ್ಟೋ ಜನ ಸೆನ್ಸರ್ ಸರಿ ಇದೆ ಅಂತ ಕೈ ಬಿಡ್ತಾರಂತೆ. ಇವ್ರು ಜಾಕ್ ಹಾಕಿ, ಮಲ್ಟಿಮೀಟರನ್ನ ಎಸಿ ವೋಲ್ಟಿಗಿಟ್ಟು ವೀಲನ್ನ ಕೈಲಿ ತಿರುಗಿಸಿದ್ರು, ಬಲಗಡೆ ಬಂದಷ್ಟು ವೋಲ್ಟೇಜ್ ಎಡಗಡೆ ಕಾಲು ಭಾಗನೂ ಬರ್ಲಿಲ್ಲ. ಸೆನ್ಸರ್ ಬಿಚ್ಚಿದ್ರೆ ಅದು ಕೂರೋ ಜಾಗದಲ್ಲಿ ತುಕ್ಕು ಪದರಪದರವಾಗಿ ಉಬ್ಬಿ ಸೆನ್ಸರನ್ನ ಮೇಲಕ್ಕೆತ್ತಿತ್ತು, ತುದೀಲಿ ಕಬ್ಬಿಣದ ಪುಡಿ ಮೀಸೆ ಥರ ಅಂಟಿಕೊಂಡಿತ್ತು. ಸೆನ್ಸರಿಗೂ ವೀಲಿನ ಜೊತೆ ತಿರುಗೋ ಹಲ್ಲಿನ ರಿಂಗಿಗೂ ಮಧ್ಯ ಇರ್ಬೇಕಾದ್ದು ಒಂದು ಮಿಲಿಮೀಟರ್ ಆಸುಪಾಸು, ಅದು ಜಾಸ್ತಿಯಾದ್ರೆ ನಿಧಾನ ಹೋಗೋವಾಗ ಸಿಗ್ನಲ್ ಸಾಯುತ್ತೆ. ತೋಟದ ಕೆಸರು, ದಿನಾ ಪೈಪ್ ಹಿಡಿದು ತೊಳೆಯೋದು, ತುಕ್ಕು ಬರ್ದೆ ಇರುತ್ತಾ. ತೆಗೆಯೋವಾಗ ಸೆನ್ಸರ್ ಮುರೀತು, ಹೊಸದು ಹಾಕಿ, ತುಕ್ಕು ಕೆರೆದು, ರಿಂಗಲ್ಲಿ ಬಿರುಕು ಐತಾ, ಬೇರಿಂಗ್ ಅಲ್ಲಾಡುತ್ತಾ ಅಂತಾನೂ ನೋಡಿ ಎಲ್ಲಾ ಸೇರಿ 3,200 ತಗೊಂಡ್ರು.

ಆ ಎರಡನೇ ಗ್ಯಾರೇಜೋರನ್ನ ನನ್ನ ಹಳೇ ಮಾಡ್ಯೂಲ್ ವಾಪಸ್ ಕೇಳಿದ್ರೆ ಗುಜರಿಗೆ ಹಾಕ್ಬಿಟ್ಟೆ ಅಂದ್ರು, ಅದು ಕೆಟ್ಟಿತ್ತು ಅನ್ನೋಕೆ ಇವತ್ತಿಗೂ ಯಾವ ಆಧಾರನೂ ಇಲ್ಲ. ಯಾರೇ ಮಾಡ್ಯೂಲ್ ಅಂದ್ರೆ ಮೊದಲು ನಾಲ್ಕು ವೀಲಿನ ಸ್ಪೀಡ್ ಸ್ಕ್ರೀನಲ್ಲಿ ತೋರಿಸಿ ಅಂತ ಕೇಳಿ, ಬಿಚ್ಚಿದ ಸಾಮಾನು ಕೈಗೆ ಇಸ್ಕೊಳ್ಳಿ. ಈಗ್ಲೇ ಎದ್ದೋಗಿ ಕೀ ಆನ್ ಮಾಡಿ ನೋಡಿ, ಎಬಿಎಸ್ ಲೈಟ್ ಹತ್ತಿ ಕೆಲವು ಸೆಕೆಂಡಲ್ಲಿ ಆರ್ಬೇಕು, ಹತ್ತಲೇ ಇಲ್ಲ ಅಂದ್ರೆ ಮೀಟರ್ ಬಿಚ್ಚಿಸಿ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಅಡ್ವಾನ್ಸ್ ಕೊಡೋ ಮುಂಚೆನೇ ನೋಡ್ಕೊಳ್ಳಿ. ರಿಪೇರಿ ಆದ್ಮೇಲೆ ನಾನು ಲೋಡ್ ಹಾಕೋಕೆ ಮುಂಚೆ ಖಾಲಿ ಗಾಡಿ ತಗೊಂಡು ಊರ ಒಣಗಿದ ಕೆರೆ ಅಂಗಳಕ್ಕೆ ಹೋಗಿ, ಮೂವತ್ತರ ಸ್ಪೀಡಲ್ಲಿ ಗಟ್ಟಿಯಾಗಿ ಬ್ರೇಕ್ ತುಳಿದು ಸ್ಟೇರಿಂಗ್ ತಿರುಗಿಸಿದೆ, ಪೆಡಲ್ ಅದುರ್ತು, ಗಾಡಿ ತಿರುಗ್ತು.